ಮುತ್ತಿನಕೆರೆಗೆ ಒಯ್ದ ಐದು ತಟ್ಟೆ

ವಿದ್ಯಾರಣ್ಯಪುರಂ, ಮೈಸೂರು
15 ಜನವರಿ 2025

ಮಾನ್ಯ ಸಿದ್ದಲಿಂಗಮ್ಮನವರಿಗೆ,

ಭಾನುವಾರ ಹೇಳದೆ ಕೇಳದೆ ನಿಮ್ಮ ಮನೆಗೆ ಬಂದು ನುಗ್ಗಿದ ಮೂವರಲ್ಲಿ ದಪ್ಪಗಿದ್ದವಳು, ಎಲ್ಲರ ಮಾತನ್ನೂ ತಾನೇ ಆಡಿದವಳು ನಾನು, ಶಾರದ. ಕಾರು ಓಡಿಸಿದವರು ನಮ್ಮ ಯಜಮಾನರು, ಬಿಂದುಮಾಧವ. ಎತ್ತರದ ಹುಡುಗ ನನ್ನ ಅಕ್ಕನ ಮಗ ವಸಿಷ್ಠ. ಮೈಸೂರು ತಲುಪಿ ನಿಮಗೆ ಫೋನ್ ಮಾಡಿದರೆ, ‘ಕಾಗದ ಬರೀರಿ’ ಎಂದು ಹೇಳಿ ಇಟ್ಟುಬಿಟ್ಟಿರಿ. ನಾನು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಬರೆಯಿರಿ ಎಂದರೆ ಬಿಡುವವಳಲ್ಲ.

ನಿಮ್ಮ ಮಗಳು ಸುಮಾ ಮೂಗಯ್ಯ ಅವರ ಹಾಡನ್ನು ನಾನು ಮೊದಲು ಕೇಳಿದ್ದು ಮಿಕ್ಸಿ ರಿಪೇರಿ ಅಂಗಡಿಯಲ್ಲಿ. ಹಾಡು ಮುಗಿಯುವವರೆಗೂ ಮಿಕ್ಸಿ ಆನ್ ಮಾಡಕೂಡದು ಎಂದು ಅಂಗಡಿಯವನನ್ನು ಗದರಿದ್ದೆ. ಅವತ್ತಿನಿಂದ ಹಿಡಿದ ಹುಚ್ಚು ಬಿಟ್ಟಿಲ್ಲ. ಆ ಧ್ವನಿ ಹುಟ್ಟಿದ ಊರನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದು ವರ್ಷಗಟ್ಟಲೆ ಇವರ ಕಿವಿ ಕೊರೆದ ಮೇಲೆ ಅಂತೂ ಕಾರು ಹೊರಟಿತು. ದಾರಿಯುದ್ದಕ್ಕೂ ಅವರದೇ ಹಾಡು. ನರಸೀಪುರ ದಾಟುವಾಗ ಇವರು, ‘ಇದೇ ಹಾಡು ವರುಣದಲ್ಲೂ ಬಂತಲ್ಲೇ’ ಅಂದರು. ‘ಕೊಳ್ಳೇಗಾಲದಲ್ಲೂ ಬರುತ್ತೆ, ಸುಮ್ನೆ ಓಡ್ಸಿ’ ಅಂದೆ.

ಮುತ್ತಿನಕೆರೆಯ ಟೀ ಅಂಗಡಿಯಲ್ಲಿ ಗಾಯಕಿ ಸುಮಾ ಮೂಗಯ್ಯ ಅವರ ಮನೆ ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬರು, ‘ಓ, ಅಂಗನವಾಡಿ ಸಿದ್ದಲಿಂಗವ್ವನ ಮಗ್ಳಾ? ಅಂಗನ್ನಿ ಮತ್ತೆ!’ ಅಂದರು. ನಾಡಿಗೆಲ್ಲ ಗಾಯಕಿಯಾದವರು ತಮ್ಮ ಊರಿನಲ್ಲಿ ಬರೀ ನಿಮ್ಮ ಮಗಳಾಗಿರುವುದು ನನಗೆ ಬಹಳ ಹಿಡಿಸಿತು.

ಆ ಐದು ತಟ್ಟೆಗಳ ವಿಷಯ ಹೇಳಲು ಮರೆತೆ. ನಮ್ಮ ತಾತ ಅರಮನೆಯ ಉಗ್ರಾಣದಲ್ಲಿದ್ದವರು. ಹಾಡುವವರನ್ನು ಬರಿಗೈಯಲ್ಲಿ ಕಾಣಬಾರದು, ತಟ್ಟೆ ಇಟ್ಟು ಕಾಣಬೇಕು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಹಾಗಾಗಿ ಸೀರೆ, ಹಣ್ಣು, ತೆಂಗಿನಕಾಯಿ ವೀಳ್ಯದೆಲೆ, ಕಲ್ಲುಸಕ್ಕರೆ ಮೈಸೂರುಪಾಕು, ಮಲ್ಲಿಗೆ ಬಳೆ ಎಂದು ಒಂದೊಂದು ತಟ್ಟೆ ಜೋಡಿಸಿದ್ದೆ. ನಿಮ್ಮ ಬೀದಿಗೆ ಕಾರು ಹಿಡಿಯದೆ ಮೂವರೂ ಹೊತ್ತುಕೊಂಡು ನಡೆದು ಬಂದೆವು. ಗೋಡೆಯ ಮೇಲೆ ಸುಮಾ ಅವರ ಫೋಟೊ ಕಂಡಾಗ ಮನಸ್ಸು ತಡೆಯಲಿಲ್ಲ. ಬದುಕಿರುವವರ ಫೋಟೊಗೆ ಹಾರ ಹಾಕಬಾರದೆಂಬಷ್ಟು ಬುದ್ಧಿ ಇತ್ತು. ಅದಕ್ಕೆ ಒಂದು ಮೊಳ ಮಲ್ಲಿಗೆಯನ್ನು ತಲೆಯ ಹತ್ತಿರ ಸಿಕ್ಕಿಸೋಣವೆಂದರೆ ನನ್ನ ಕೈ ಎಟುಕಲಿಲ್ಲ. ವಸಿಷ್ಠ ಸಿಕ್ಕಿಸಿದ.

ಅಷ್ಟು ಬೇಗ ಉಪ್ಪಿಟ್ಟು, ಕೇಸರಿಬಾತು ಹೇಗೆ ಮಾಡಿದಿರೋ! ನೀವು ಮಾತ್ರ ತಲೆ ತಗ್ಗಿಸಿ, ಆಗಾಗ ವಸಿಷ್ಠನನ್ನು ನೋಡುತ್ತಾ, ಸುಮ್ಮನೆ ಕೂತಿದ್ದಿರಿ. ನಮ್ಮಿಂದ ತೊಂದರೆಯಾಯಿತೇನೋ ಎಂದು ಒಂದು ಅಳುಕು. ಹಾಗಿದ್ದರೆ ಬರೆದು ಬೈಯಿರಿ.

ನಿಮ್ಮ ಮಗಳ ಹಾಡಿಗೆ ಸೋತವಳು,
ಶಾರದ


ಮುತ್ತಿನಕೆರೆ
24 ಜನವರಿ 2025

ಮೈಸೂರಿನ ಶಾರದಮ್ಮನವರಿಗೆ,

ಬೀಗಿತ್ತಿ ಎಂದು ಬರೆಯಲು ಇನ್ನೂ ಕಾಲ ಬಂದಿಲ್ಲವಾದ್ದರಿಂದ ಸದ್ಯಕ್ಕೆ ನಮಸ್ಕಾರ.

ಫೋನಿನಲ್ಲಿ ಮಾತಾಡಲಿಲ್ಲವೆಂದು ತಪ್ಪು ತಿಳಿಯಬೇಡಿ. ನನಗೆ ಕಿವಿ ಮಂದ. ಸ್ಪೀಕರಿಗೆ ಹಾಕದಿದ್ದರೆ ಒಂದಕ್ಷರ ಕೇಳಿಸುವುದಿಲ್ಲ, ಹಾಕಿದರೆ ಇಡೀ ಬೀದಿಗೆ ಕೇಳಿಸುತ್ತದೆ. ಇಂಥ ಮಾತುಕತೆಯೆಲ್ಲ ಬೀದಿಗೆ ಬೀಳಬಾರದಲ್ಲ. ಊರಿನ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವಳು ನಾನು. ಕಾಗದದಲ್ಲಾದರೆ ಯಾರಿಗೂ ಹೆದರುವುದಿಲ್ಲ.

ನೀವು ಕಾಗದದಲ್ಲಿ ಹಾಡು, ಅಜ್ಜಿ, ಅರಮನೆ ಎಂದು ಬರೆದು, ಮುಖ್ಯವಾದ ಮಾತನ್ನು ಎತ್ತದೆ ಬಿಟ್ಟಿದ್ದೀರಿ. ದೊಡ್ಡ ಮನೆಯವರ ನಾಜೂಕು ಇರಬಹುದು. ನನಗೆ ಆ ನಾಜೂಕು ಬಾರದು, ಕೇಳಿಬಿಡುತ್ತೇನೆ. ಹುಡುಗನಿಗೆ ಏನು ಕೆಲಸ? ಕುಡಿತ ಇಲ್ಲ ತಾನೆ? ನಮ್ಮ ಸುಮಾಳಿಗೆ ಮೂವತ್ತೆಂಟು. ಅವನು ಒಂದೆರಡು ವರ್ಷ ಚಿಕ್ಕವನಂತೆ ಕಾಣುತ್ತಾನೆ. ನಿಮಗೆ ಅಡ್ಡಿಯಿಲ್ಲವೆಂದರೆ ನಮಗೂ ಇಲ್ಲ. ಜಾತಕ ನಾವು ನೋಡುವುದಿಲ್ಲ.

ಗೋಡೆಯ ಮೇಲೆ ಬುದ್ಧನನ್ನು ನೋಡಿದಿರಿ. ನಾವು ಯಾರೆಂದು ನಿಮಗೆ ತಿಳಿದಿದೆ, ನೀವು ಯಾರೆಂದು ನಮಗೂ ತಿಳಿಯಿತು. ತಿಳಿದೂ ನಮ್ಮ ಬೀದಿಯಲ್ಲಿ ತಟ್ಟೆ ಹೊತ್ತು ನಡೆದಿರಿ. ನೀರು ಕೇಳಿ ಕುಡಿದಿರಿ, ಉಪ್ಪಿಟ್ಟನ್ನು ಇನ್ನೊಂದು ಸಲ ಹಾಕಿಸಿಕೊಂಡಿರಿ. ಅದನ್ನು ಎಲ್ಲರೂ ನೋಡಿದ್ದಾರೆ. ನಮ್ಮ ಕಡೆ ಐದು ತಟ್ಟೆ ಇಟ್ಟು ಹೂ ಮುಡಿಸಿದರೆ ಹೆಣ್ಣು ಗೊತ್ತಾಯಿತು ಎಂದೇ ಲೆಕ್ಕ. ಗಂಡಿನ ಕಡೆಯ ಹೆಂಗಸರು ಮುಡಿಸುವುದು ರೂಢಿ. ನಿಮ್ಮ ಹುಡುಗ ತಾನೇ ಫೋಟೊಗೆ ಮುಡಿಸಿದಾಗ ಪಕ್ಕದ ಮನೆ ಮಂಗಳಮ್ಮ, ‘ಹುಡುಗ್ನೇ ಮುಡಿಸ್ಬುಟ್ಟ ಕಣವ್ವೋ!’ ಎಂದು ಬೀದಿಗೆ ಓಡಿದಳು. ಇಂಥ ಹೊತ್ತಿನಲ್ಲಿ ಹೆಣ್ಣಿನ ತಾಯಿ ಬಾಯಿ ಬಿಡುವಂತಿಲ್ಲ. ಅದಕ್ಕೇ ತಲೆ ತಗ್ಗಿಸಿ ಕೂತಿದ್ದೆ. ನೀವು ಮಾತೆತ್ತುತ್ತೀರೆಂದು ಕಾದು ಕಾದು ಕಾಫಿಯನ್ನೂ ಎರಡು ಸಲ ಕೊಟ್ಟೆ.

ಸುಮಾಳಿಗೆ ಅವತ್ತೇ ಫೋನ್ ಮಾಡಿ, ‘ಹೂ ಮುಡಿಸಿ ಹೋಗವ್ರೆ, ನೀನು ಹೂಂ ಅನ್ನೋದೊಂದೇ ಬಾಕಿ’ ಅಂದೆ. ನಿಮ್ಮವರು ಕೊಟ್ಟ ಕಾರ್ಡಿನಲ್ಲಿದ್ದ ವಿಳಾಸವನ್ನೂ ಓದಿ ಹೇಳಿದೆ. ಅವಳು ಉತ್ತರ ಕೊಡದೆ ಫೋನ್ ಇಟ್ಟಳು. ಇಡಲಿ. ಅವಳು ಈ ಮನೆಗೆ ಬಾರದೆ ಮೂರು ವರ್ಷವಾಯಿತು ಶಾರದಮ್ಮ. ಮದುವೆ ಎಂದಾದರೆ ಬರಲೇಬೇಕಲ್ಲ. ನನಗೆ ಅಷ್ಟು ಸಾಕು.

ಉತ್ತರ ಬೇಗ ಬರೆಯಿರಿ. ಚಪ್ಪರದವನು ಈಗಲೇ ಕೇಳುತ್ತಿದ್ದಾನೆ.

ಸುಮಾಳ ತಾಯಿ,
ಸಿದ್ದಲಿಂಗಮ್ಮ


ವಿದ್ಯಾರಣ್ಯಪುರಂ
30 ಜನವರಿ 2025

ಸಿದ್ದಲಿಂಗಮ್ಮನವರೇ,

ನಿಮ್ಮ ಕಾಗದದ ಮೊದಲ ಸಾಲು ಓದಿ ನಕ್ಕೆ. ತಮಾಷೆ ಮಾಡುತ್ತಿದ್ದೀರಿ ಅಂದುಕೊಂಡೆ. ಪುಟ ತಿರುಗಿಸುವಷ್ಟರಲ್ಲಿ ತಮಾಷೆಯಲ್ಲವೆಂದು ಗೊತ್ತಾಯಿತು.

ಸುತ್ತಿ ಬಳಸಿ ಹೇಳಿದರೆ ನಿಮಗೆ ಇನ್ನಷ್ಟು ಅವಮಾನ. ವಸಿಷ್ಠನಿಗೆ ಮದುವೆಯಾಗಿದೆ. ಹೆಂಡತಿ ಅನನ್ಯ ಇಲ್ಲೇ ಮೈಸೂರಿನ ಹೆಬ್ಬಾಳದ ಕಂಪನಿಯೊಂದರಲ್ಲಿ ಶಿಫ್ಟ್ ಕೆಲಸದಲ್ಲಿದ್ದಾಳೆ, ಅವತ್ತು ರಜೆ ಸಿಗಲಿಲ್ಲ. ಅವಳು ಜೊತೆಗೆ ಬಂದಿದ್ದರೆ ಈ ಅನಾಹುತ ಆಗುತ್ತಲೇ ಇರಲಿಲ್ಲ. ನಾನು ತಟ್ಟೆ ತಂದದ್ದು ಮರ್ಯಾದೆಗೆ. ನಿಮ್ಮ ಕಡೆ ಅದಕ್ಕೆ ಬೇರೆ ಅರ್ಥ ಇದ್ದೀತು ಎಂಬ ಯೋಚನೆಯೇ ನನ್ನ ತಲೆಗೆ ಬರಲಿಲ್ಲ. ನಮ್ಮ ಮನೆಯಲ್ಲಿ ನಡೆಯುವುದೇ ಲೋಕದಲ್ಲೆಲ್ಲ ನಡೆಯುತ್ತದೆ ಎಂದು ನಂಬಿಕೊಂಡು ಬೆಳೆದವಳು ನಾನು.

ಅನನ್ಯ ವಿಷಯ ಕೇಳಿ ಬಿದ್ದು ಬಿದ್ದು ನಕ್ಕಳು. ವಸಿಷ್ಠ ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಇವರು, ‘ಹಾಡು ಕೇಳೋಕೆ ಹೋಗಿ ಹೆಣ್ಣು ಕೇಳಿ ಬಂದ್ಯಲ್ಲೇ’ ಎಂದು ಹೋದಲ್ಲಿ ಬಂದಲ್ಲಿ ಛೇಡಿಸುತ್ತಿದ್ದಾರೆ. ನನಗೆ ನಗು ಬರುತ್ತಿಲ್ಲ. ಮಗಳು ಮನೆಗೆ ಬಂದರೆ ಸಾಕು ಎಂದು ಬರೆದಿದ್ದೀರಲ್ಲ, ಆ ಸಾಲು ನನ್ನನ್ನು ಬಿಡುತ್ತಿಲ್ಲ.

ನೀವು ಕೇಳದ ಪ್ರಶ್ನೆಯೊಂದಿದೆ. ಅವನಿಗೆ ಮದುವೆಯಾಗಿರದಿದ್ದರೆ ಹೆಣ್ಣು ಕೇಳಲು ಬರುತ್ತಿದ್ದಿರಾ ಎಂಬುದು. ನಾನಾದರೆ ಕುಣಿದುಕೊಂಡು ಬರುತ್ತಿದ್ದೆ. ನನ್ನ ಅಕ್ಕ ಬರುತ್ತಿದ್ದಳೇ, ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಮಗೆ ಸುಳ್ಳು ಬರೆಯಲಾರೆ.

ನಾನೇ ಬಂದು ಬೀದಿಯಲ್ಲಿ ನಿಂತು ತಪ್ಪು ನನ್ನದೆಂದು ಹೇಳಲೇ? ಒಂದು ಮಾತು ಬರೆಯಿರಿ, ಹೊರಟು ಬರುತ್ತೇನೆ.

ತಲೆ ಎತ್ತಲಾರದ,
ಶಾರದ


ಮುತ್ತಿನಕೆರೆ
20 ಫೆಬ್ರವರಿ 2025

ಶಾರದಮ್ಮನವರಿಗೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಸಿಟ್ಟು ಅರ್ಧ ಇಳಿಯುವವರೆಗೆ ಬರೆಯಬಾರದೆಂದು ಕಾದೆ. ಈಗ ಅರ್ಧ ಇಳಿದಿದೆ.

ನೀವು ಬರಬೇಡಿ. ಇನ್ನೊಂದು ಸಲ ನಿಮ್ಮ ಕಾರು ಇಲ್ಲಿ ಕಂಡರೆ ದಿನ ಗೊತ್ತು ಮಾಡಲು ಬಂದರೆಂದು ಚಪ್ಪರದ ಕಂಬ ನೆಟ್ಟೇ ಬಿಡುತ್ತಾರೆ. ಬೀದಿಗೆ ನಾನಿನ್ನೂ ಏನೂ ಹೇಳಿಲ್ಲ. ‘ಮೈಸೂರಿನೋರು ಏನಂದ್ರು’ ಎಂದು ಕೇಳಿದವರಿಗೆಲ್ಲ ‘ಮಾತು ನಡೀತಾ ಅದೆ’ ಎನ್ನುತ್ತಿದ್ದೇನೆ. ನೀವು ಬಂದ ದಿನವೇ ಕೊನೆಮನೆಯವಳು, ‘ಅವ್ರು ನಮ್ಮ ಬೀದಿಗೆ ಹೆಣ್ಣು ಕೇಳಕ್ ಬತ್ತಾರಾ? ನಂಬ್ಬೇಡ ಕಣವ್ವ’ ಅಂದಿದ್ದಳು. ನಾನು ಅವಳ ಜೊತೆ ಜಗಳವಾಡಿ ಮಾತು ಬಿಟ್ಟೆ. ಈಗ ಅವಳ ಮುಖ ನೋಡಲು ಆಗುತ್ತಿಲ್ಲ. ಈ ನೋವು ನಿಮಗೆ ಗೊತ್ತಿರಲಿ ಎಂದು ಬರೆದೆ, ಬೈಯಲು ಅಲ್ಲ. ಸುಳ್ಳು ಬರೆಯಲಾರೆ ಎಂದಿರಲ್ಲ, ಅದರಿಂದಲೇ ಉಳಿದರ್ಧ ಸಿಟ್ಟನ್ನು ಏನು ಮಾಡುವುದೋ ತಿಳಿಯದೆ ಇಟ್ಟುಕೊಂಡಿದ್ದೇನೆ.

ಸುಮಾ ಯಾಕೆ ಮನೆಗೆ ಬರುವುದಿಲ್ಲ ಎಂದು ನೀವು ಕೇಳಲಿಲ್ಲ. ಕೇಳದಿದ್ದಕ್ಕೇ ಹೇಳುತ್ತೇನೆ. ಅವರಪ್ಪ ಮೂಗಯ್ಯ ತೀರಿಕೊಂಡ ಮೇಲೆ ಇವಳನ್ನು ಒಂದು ದಡ ಸೇರಿಸಿಬಿಡಬೇಕೆಂಬ ಆತುರ ನನಗೆ. ಬೆಂಗಳೂರಿನಿಂದ ಬಂದಾಗಲೆಲ್ಲ ಒಬ್ಬರಲ್ಲ ಒಬ್ಬರನ್ನು ಕರೆಸಿ ಕೂರಿಸುತ್ತಿದ್ದೆ. ಅವಳು ಬಸ್ಸಿನಿಂದ ಇಳಿಯುವಾಗಲೇ, ‘ಇವತ್ತು ಯಾರವ್ವ?’ ಎಂದು ಕೇಳುತ್ತಿದ್ದಳು. ಮೂರು ವರ್ಷದ ಹಿಂದೆ ಬಂದವರಲ್ಲಿ ಹುಡುಗನ ಸೋದರತ್ತೆ ಒಬ್ಬಳು, ‘ಎಲ್ಲಿ, ಒಂದು ಹಾಡು ಹೇಳವ್ವ ನೋಡವಾ’ ಅಂದಳು. ಹೆಣ್ಣು ನೋಡಲು ಬಂದವರು ಹಾಗೆ ಕೇಳುವುದು ವಾಡಿಕೆಯೇ. ನಾನೇ ಸುಮಾಳಿಗೆ, ‘ಹೇಳು ಮಗ, ಒಂದೇ ಒಂದು’ ಅಂದೆ. ಅವಳು ನನ್ನ ಮುಖ ನೋಡಿಕೊಂಡೇ ಹಾಡಿದಳು. ಮುಗಿದ ಮೇಲೆ ಆ ಹೆಂಗಸು, ‘ಕಂಠ ವಸಿ ದಪ್ಪ ಆಯ್ತು’ ಅಂದಳು. ನಾನು ಅದಕ್ಕೆ ನಕ್ಕೆ ಶಾರದಮ್ಮ. ಬಂದವರು ಎದ್ದು ಹೋಗಬಾರದೆಂದು ನಕ್ಕೆ.

ಸಂಜೆ ಬಸ್ಸಿಗೆ ಅವಳು ಹೊರಟಳು. ದುಡ್ಡು ಕಳಿಸುತ್ತಾಳೆ, ಮಾತ್ರೆ ಕಳಿಸುತ್ತಾಳೆ, ಮನೆಗೆ ಬರುವುದಿಲ್ಲ. ನಿಮ್ಮ ಹುಡುಗನ ವಿಷಯ ಸುಳ್ಳೆಂದು ಹೇಳೋಣವೆಂದರೆ ಫೋನ್ ಎತ್ತುತ್ತಿಲ್ಲ.

ಸಿದ್ದಲಿಂಗಮ್ಮ


ವಿದ್ಯಾರಣ್ಯಪುರಂ
10 ಮಾರ್ಚ್ 2025

ಸಿದ್ದಲಿಂಗಮ್ಮನವರಿಗೆ,

ನಿನ್ನೆ ನಡೆದದ್ದನ್ನು ಮೊದಲು ನಿಮಗೆ ಹೇಳಬೇಕು. ಸುಮಾ ನಮ್ಮ ಮನೆಗೆ ಬಂದಿದ್ದರು.

ಶನಿವಾರ ಮಹಿಳಾ ದಿನದ ಕಾರ್ಯಕ್ರಮಕ್ಕೆ ಕಲಾಮಂದಿರದಲ್ಲಿ ಹಾಡಿದರಂತೆ. ಅವರ ಕಾರ್ಯಕ್ರಮಕ್ಕೆ ನಾನು ಮೈಸೂರಿನಲ್ಲಿದ್ದೂ ಹೋಗದೆ ಉಳಿದದ್ದು ಇದೇ ಮೊದಲು, ಯಾವ ಮುಖ ಹೊತ್ತು ಹೋಗಲಿ? ಭಾನುವಾರ ಬೆಳಿಗ್ಗೆ ಕಾಲಿಂಗ್ ಬೆಲ್ ಆಯಿತು. ಬಾಗಿಲು ತೆಗೆದರೆ ಅವರೇ! ‘ಗಂಡಿನ ಮನೆ ಇದೇನಾ?’ ಅಂದರು. ಇವರು ‘ಹಾಲು ತರ್ತೀನಿ’ ಎಂದು ಹಿಂದಿನ ಬಾಗಿಲಿನಿಂದ ಜಾಗ ಖಾಲಿ ಮಾಡಿದರು. ಹಾಲು ಮನೆಯಲ್ಲಿತ್ತು.

‘ಯಾರ್ರೀ ನೀವು? ನಮ್ಮವ್ವನ ಹತ್ರ ಹೋಗಿ ಏನ್ ಆಟ ಆಡ್ತಿದ್ದೀರಾ? ಅವ್ಳು ಊರಿಗೆಲ್ಲ ಹೇಳ್ಕೊಂಡು ಕೂತವ್ಳೆ!’ ಎಂದು ಶುರು ಮಾಡಿದವರು ನಿಲ್ಲಿಸಲಿಲ್ಲ. ಸಿಟ್ಟಿಗೆ ನಿಮ್ಮ ಊರಿನ ಮಾತೇ ಬರುತ್ತದೆ ಅವರಿಗೆ. ನಾನು ಇಷ್ಟು ವರ್ಷ ಈ ಗಳಿಗೆಗೆ ಕಾದಿದ್ದೆ, ಎಂತೆಂಥ ಮಾತು ಜೋಡಿಸಿಟ್ಟುಕೊಂಡಿದ್ದೆ! ಬಾಯಿಂದ ಬಂದದ್ದು, ‘ಚಪ್ಪಲಿ ಅಲ್ಲೇ ಇರ್ಲಿ, ಒಳಗ್ ಬನ್ನಿ’ ಎಂಬುದೊಂದೇ. ಒಳಗೆ ಕೂರಿಸಿ ಎಲ್ಲವನ್ನೂ ಹೇಳಿದೆ. ವಸಿಷ್ಠನ ಮದುವೆಯ ಫೋಟೊ ತೋರಿಸಿದೆ. ಅವರು ಅದನ್ನು ನೋಡಿ ನೋಡಿ ಕೊನೆಗೆ, ‘ಹಾಡು ಇಷ್ಟ ಆದ್ರೆ ಹಾಡು ಕೇಳಿ. ನಮ್ಮನೆ ಬಾಗ್ಲಿಗೆ ಯಾಕ್ ಹೋದ್ರಿ?’ ಎಂದು ಕೇಳಿದರು.

ಸರಿಯಾದ ಪ್ರಶ್ನೆ. ‘ನಿಮ್ಮ ಧ್ವನಿ ಎಲ್ಲಿಂದ ಬಂತು ಅಂತ ನೋಡೋ ಆಸೆ ಇತ್ತು’ ಅಂದೆ.

‘ಸಿಕ್ತಾ?’

‘ಸಿಕ್ತು. ಉಪ್ಪಿಟ್ಟಿಗೆ ರವೆ ಸಾಲದೆ ನಿಮ್ಮ ತಾಯಿ ಪಕ್ಕದ ಮನೆಯೋರನ್ನ ಕೂಗಿದ್ರು, ಆ ಕೂಗಲ್ಲೇ ಸಿಕ್ತು.’

ಆಮೇಲೆ ಅವರು ಕಾಫಿ ಕುಡಿಯುತ್ತಾ ಒಂದೊಂದೇ ಕೇಳತೊಡಗಿದರು. ಅವ್ವ ಸಣ್ಣಗಾಗಿದ್ದಾಳಾ? ಕಾಲು ಎಳೆದು ನಡೀತಾಳಾ? ಮಾತ್ರೆಯ ಡಬ್ಬಿ ಕಿಟಕಿಯಲ್ಲೇ ಇತ್ತಾ? ಕೇಸರಿಬಾತಿಗೆ ಈಗಲೂ ಲವಂಗ ಜಾಸ್ತಿ ಹಾಕ್ತಾಳಾ? ಮನೆಗೆ ಹೋಗಿ ಎಷ್ಟೋ ಕಾಲವಾದವರು ನನ್ನಂಥ ಹೊರಗಿನವಳನ್ನು ಕೇಳಿ ತಮ್ಮ ಮನೆಯನ್ನು ನೋಡುತ್ತಿದ್ದರು.

ಹೊರಡುವಾಗ ಬಾಗಿಲಲ್ಲಿ ನಿಂತು, ‘ಅವ್ವ ಬಾ ಅಂತ ಇದುವರ್ಗೂ ಒಂದ್ಸಲಾನೂ ಕರ್ದಿಲ್ಲ ಗೊತ್ತಾ? ಇಂಥೋರು ಬರ್ತಾರೆ ಬಾ, ಅಂಥೋರು ಬರ್ತಾರೆ ಬಾ ಅಂತಾಳೆ’ ಅಂದರು. ಇದನ್ನು ನಿಮಗೆ ಬರೆಯಬಹುದೇ ಎಂದು ಕೇಳಿದೆ. ಬೇಡ ಅನ್ನಲಿಲ್ಲ.

ನಿಮ್ಮ
ಶಾರದ


ಮುತ್ತಿನಕೆರೆ
22 ಮಾರ್ಚ್ 2025

ಪ್ರೀತಿಯ ಶಾರದಮ್ಮ,

ನಿಮ್ಮ ಕಾಗದವನ್ನು ಅದೆಷ್ಟು ಸಲ ಓದಿದೆನೋ. ಲವಂಗ ಜಾಸ್ತಿ ಅಂತೆ! ಅವಳಪ್ಪನಿಗೆ ಹಾಗೇ ಬೇಕಿತ್ತು, ಕೈಗೆ ಅದೇ ರೂಢಿಯಾಗಿದೆ.

ಅವಳು ಹೇಳಿದ ಮಾತು ನಿಜ. ನೆನಪು ಮಾಡಿಕೊಂಡು ನೋಡಿದೆ. ಬರೀ ‘ಬಾ’ ಎಂದು ಕರೆದದ್ದೇ ಇಲ್ಲ. ಕರೆಯಲು ಒಂದು ನೆಪ ಬೇಕು ಎಂದುಕೊಂಡಿದ್ದೆ. ದೊಡ್ಡ ಗಾಯಕಿಯಾದವಳು ಬರೀ ಅವ್ವ ಕರೆದಳೆಂದು ಕೆಲಸ ಬಿಟ್ಟು ಬಂದಾಳೇ ಎಂದು ಒಳಗೊಳಗೇ ಹೆದರಿಕೆ. ಗಂಡಿನ ಕಡೆಯವರು ಬರುತ್ತಾರೆಂದರೆ ಅದಕ್ಕೊಂದು ತೂಕ ಎಂದು ನಾನು ತಿಳಿದಿದ್ದೆ.

ಮೊದಲು ಬೀದಿಯ ಕೆಲಸ ಮುಗಿಸಿದೆ. ಬೆಳಿಗ್ಗೆ ನಲ್ಲಿಯ ಹತ್ತಿರ ಎಲ್ಲರೂ ಕೊಡ ಇಟ್ಟುಕೊಂಡು ನಿಂತಿದ್ದಾಗ ನಾನೇ ಹೇಳಿದೆ. ‘ಮೈಸೂರಿನೋರು ಹೆಣ್ಣು ಕೇಳಕ್ ಬಂದಿರ್ನಿಲ್ಲ. ಸುಮಾಳ ಹಾಡು ಮೆಚ್ಕೊಂಡು ಬಂದಿದ್ರು. ನಾವೇ ತಪ್ಪು ತಿಳ್ಕಂಡ್ಬುಟ್ಟೊ.’ ಕೊನೆಮನೆಯವಳ ಕಡೆ ನಾನೇ ತಿರುಗಿ, ‘ನೀನಂದದ್ದೇ ಸರಿ ಆಯ್ತು’ ಅಂದೆ. ಅವಳು ಗೆದ್ದ ಮುಖ ಮಾಡುತ್ತಾಳೆಂದು ಕಾದಿದ್ದೆ. ‘ಹಾಡು ಕೇಳಿ ಅಷ್ಟು ದೂರ್ದಿಂದ ತಟ್ಟೆ ಹೊತ್ಕಂಡು ಬಂದ್ರಾ? ಅದೇನ್ ಕಮ್ಮಿ ಮಾತಾ ಅಕ್ಕ’ ಎಂದು ನನ್ನ ಕೊಡವನ್ನು ತಾನೇ ನಲ್ಲಿಗೆ ಹಿಡಿದಳು.

ಆಮೇಲೆ ಮನೆಗೆ ಬಂದು ಫೋನನ್ನು ಸ್ಪೀಕರಿಗೆ ಹಾಕಿದೆ. ಕೇಳಿದರೆ ಕೇಳಲಿ ಬೀದಿ ಎಂದು ಬಾಗಿಲನ್ನೂ ತೆರೆದೇ ಇಟ್ಟೆ. ಈ ಸಲ ಎತ್ತಿದಳು. ‘ಯಾರೂ ಬತ್ತಿಲ್ಲ ಮಗ. ಯಾರ್ನೂ ಕರ್ದಿಲ್ಲ, ಕರೆಯೋದೂ ಇಲ್ಲ. ನೀನು ಬಾ. ಬಂದು ಉಂಡು ಮನಿಕೊ’ ಅಂದೆ. ಲೈನು ಕಟ್ಟಾಯಿತೇನೋ ಎಂದು ನಾನು ಹಲೋ ಹಲೋ ಅನ್ನುತ್ತಿದ್ದೆ. ಆಮೇಲೆ, ‘ಏಪ್ರಿಲ್ ಹದಿನಾಲ್ಕು ಕಳೀಲಿ ಅವ್ವ, ಅಲ್ಲೀಗಂಟ ಊರೂರಲ್ಲಿ ಜಯಂತಿ ಕಾರ್ಯಕ್ರಮ ಅವೆ. ಆಮೇಲೆ ಬತ್ತೀನಿ’ ಅಂದಳು. ನಾನು ಉತ್ತರ ಕೊಡುವ ಮೊದಲೇ ಗೋಡೆಯಾಚೆಯಿಂದ ಮಂಗಳಮ್ಮ, ‘ಬತ್ತಾಳಂತೆ ಕಣ್ರವ್ವೋ!’ ಎಂದು ಸಾರಿಬಿಟ್ಟಳು.

ನೀವೂ ಬನ್ನಿ, ನಿಮ್ಮ ಯಜಮಾನರನ್ನೂ ವಸಿಷ್ಠನನ್ನೂ ಅನನ್ಯಳನ್ನೂ ಕರೆತನ್ನಿ. ಸುಮಾಳನ್ನು ಎದುರಿಗೆ ಕೂರಿಸಿಕೊಂಡು ಹಾಡು ಕೇಳುವ ಆಸೆ ನಿಮಗಿಲ್ಲವೇ? ಈ ಕೆಲಸ ನಿಮ್ಮಿಂದಲೇ ಆದದ್ದು. ಉಳಿದರ್ಧ ಸಿಟ್ಟು ಎಲ್ಲಿ ಹೋಯಿತೋ ಹುಡುಕುತ್ತಿದ್ದೇನೆ.

ಸಿದ್ದಲಿಂಗಮ್ಮ


ವಿದ್ಯಾರಣ್ಯಪುರಂ
3 ಏಪ್ರಿಲ್ 2025

ಪ್ರೀತಿಯ ಸಿದ್ದಲಿಂಗಕ್ಕ,

ಅಕ್ಕ ಎಂದು ಬರೆದುಬಿಟ್ಟೆ, ಹೊಡೆದುಹಾಕುವುದಿಲ್ಲ.

ನಿಮ್ಮ ಕಾಗದ ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ, ಆಮೇಲೆ ಎದ್ದು ಹೋಗಿ ಸೀರೆ ಆರಿಸಿದೆ. ಇವರು ಬಾಯಿ ಬಿಟ್ಟು ಏನೂ ಹೇಳದೆ ಕಾರನ್ನು ಸರ್ವೀಸಿಗೆ ಬಿಟ್ಟು ಬಂದರು. ಈಗ ಬೆಳಿಗ್ಗೆ ಕಾಫಿ ಹೊತ್ತಿಗೆ ಹಾಡು ಹಾಕುವುದು ಇವರೇ. ಅನನ್ಯ ರಜೆ ಬರೆದಿಟ್ಟಳು. ನಾಲ್ಕು ದಿನ ನಮ್ಮ ಮನೆಯಲ್ಲಿ ಹಬ್ಬವೇ.

ಆದರೆ ಅಕ್ಕ, ನಾವು ಬರುವುದಿಲ್ಲ.

ಮುನಿಸಲ್ಲ, ಸಂಕೋಚವೂ ಅಲ್ಲ. ಯೋಚಿಸಿ ನೋಡಿದೆ. ನಾನು ಬಂದು ಅವರ ಎದುರಿಗೆ ಬಾಯಿ ಬಿಟ್ಟುಕೊಂಡು ಕೂತೆನೆಂದರೆ ಅವರು ಮತ್ತೆ ಗಾಯಕಿಯಾಗಬೇಕು. ತಲೆ ಬಾಚಿಕೊಳ್ಳಬೇಕು, ನಗಬೇಕು, ನಾನು ಕೇಳದಿದ್ದರೂ ಒಂದು ಹಾಡು ಹೇಳಬೇಕೇನೋ ಎಂದು ಅವರಿಗೆ ಅನಿಸುತ್ತದೆ. ಯಾರೂ ಬರುವುದಿಲ್ಲ ಎಂದು ನೀವು ಮಾತು ಕೊಟ್ಟಿದ್ದೀರಿ. ಅದರಲ್ಲಿ ನಾನೂ ಸೇರಿದ್ದೇನೆ.

ಇದನ್ನು ಬರೆಯುವುದು ಸುಲಭವೆಂದು ತಿಳಿಯಬೇಡಿ. ಸೀರೆಯನ್ನು ಮಡಚಿ ಒಳಗಿಡುವಾಗ ನನ್ನನ್ನು ನಾನೇ ಚೆನ್ನಾಗಿ ಬೈದುಕೊಂಡೆ. ಕಾರು ಸರ್ವೀಸಾಗಿ ಬಂದು ನಿಂತಿದೆ. ಇವರು, ‘ಹಾಗಾದ್ರೆ ನಂಜನಗೂಡಿಗಾದ್ರೂ ಹೋಗ್ಬರೋಣ್ವೇನೇ’ ಅನ್ನುತ್ತಿದ್ದಾರೆ.

ಅವರು ಬಂದು ಹೋದ ಮೇಲೆ ಬರೆಯಿರಿ. ಏನೇನು ಉಂಡರು ಎಂಬುದನ್ನು ಬಿಡದೆ ಬರೆಯಿರಿ.

ನಿಮ್ಮ ತಂಗಿ,
ಶಾರದ


ಮುತ್ತಿನಕೆರೆ
27 ಏಪ್ರಿಲ್ 2025

ತಂಗಿ ಶಾರದಾಳಿಗೆ,

ಬಂದಳು. ಹೋದ ಶುಕ್ರವಾರದ ಹಿಂದಿನ ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬಂದಳು. ಇಳಿದವಳೇ ಬಸ್ ಸ್ಟ್ಯಾಂಡಿನ ಅತ್ತ ಇತ್ತ ನೋಡಿದಳು. ನಾನು ಒಬ್ಬಳೇ ನಿಂತಿದ್ದೆ. ‘ಒಬ್ಳೇ ಬಂದ್ಯಾ ಅವ್ವ?’ ಅಂದಳು. ‘ಇನ್ಯಾರ್ ಬೇಕಿತ್ತು ನಿಂಗೆ?’ ಅಂದೆ. ದಾರಿಯಲ್ಲಿ ನನ್ನ ಕೈಚೀಲ ತಾನೇ ಹಿಡಿದುಕೊಂಡಳು.

ಏನು ಉಂಡಳು ಎಂದು ಕೇಳಿದ್ದೀಯ. ಮುದ್ದೆ, ಹುರುಳಿಕಾಳಿನ ಬಸ್ಸಾರು. ಮಾರನೆಯ ದಿನ ಉಪ್ಸಾರು. ಭಾನುವಾರ ನಾಟಿಕೋಳಿ, ಅದರ ವಿವರ ನಿನಗೆ ಬೇಡ. ಮೊದಲ ಎರಡು ದಿನ ಉಂಡದ್ದು ಬಿಟ್ಟರೆ ಮಲಗಿದ್ದೇ ಕೆಲಸ. ನಡುಮನೆಯಲ್ಲಿ ಚಾಪೆ ಹಾಕಿಕೊಂಡು, ಫ್ಯಾನಿನ ಕೆಳಗೆ, ಹಗಲು ಹತ್ತು ಗಂಟೆಗೆ, ಬಾಯಿ ತೆರೆದುಕೊಂಡು. ನಾನು ಸೊಪ್ಪು ಬಿಡಿಸುತ್ತಾ ಪಕ್ಕದಲ್ಲೇ ಕೂತಿದ್ದೆ. ಹಾಡು ಹೇಳು ಎಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಹಾಡು ಬೇಕೆಂದು ಬಂದ ಹುಡುಗಿಯರನ್ನು ಮಂಗಳಮ್ಮ ಬೀದಿಯ ತುದಿಯಲ್ಲೇ ತಡೆದು ಕಳಿಸಿದಳಂತೆ.

ಇನ್ನೊಂದು ನಡೆಯಿತು. ಬುಧವಾರ ಹೊರಡುತ್ತೇನೆ ಎಂದಿದ್ದಳು. ಮಂಗಳವಾರ ಮಧ್ಯಾಹ್ನ ಅವಳು ಒಳಗೆ ಉಣ್ಣುತ್ತಿದ್ದಾಗ ಚಿಕ್ಕಣ್ಣ ಬಂದ. ನಮ್ಮ ಕಡೆ ಗಂಡು ಹೆಣ್ಣು ಜೋಡಿಸುವವನು ಅವನೇ. ಅವಳು ಬಂದಿದ್ದಾಳೆಂದು ವಾಸನೆ ಹಿಡಿದು ಬಂದಿದ್ದಾನೆ. ಜಗಲಿಯ ಮೇಲೆ ಕೂತು ಜೇಬಿನಿಂದ ಗಂಡಿನ ಫೋಟೊ ತೆಗೆದ. ಕೊಳ್ಳೇಗಾಲದಲ್ಲಿ ಲೆಕ್ಚರರು, ಹೆಂಡತಿ ತೀರಿಕೊಂಡು ಐದು ವರ್ಷ, ಮಕ್ಕಳಿಲ್ಲ, ಬಹಳ ಒಳ್ಳೆಯ ಮನುಷ್ಯ. ‘ಹಾಡು ಗೀಡು ಹೇಳು ಅನ್ನೋ ಪೈಕಿ ಅಲ್ಲ ಕಣವ್ವ. ಇಂಥೋನು ಮತ್ತೆ ಸಿಕ್ಕಾಕಿಲ್ಲ’ ಅಂದ. ಸುಳ್ಳು ಹೇಳುವುದಿಲ್ಲ ಶಾರದಾ, ನನಗೆ ಆಸೆಯಾಯಿತು. ಫೋಟೊದಲ್ಲಿ ಮುಖ ನೋಡಿದರೆ ನಿಜವಾಗಿಯೂ ಒಳ್ಳೆಯವನಂತೆಯೇ ಇದ್ದ. ನಾನು ಇನ್ನೆಷ್ಟು ವರ್ಷ ಇರುತ್ತೇನೆ? ‘ಸ್ವಲ್ಪ ಇರು, ಉಂಡು ಬರಲಿ’ ಎಂಬ ಮಾತು ತುಟಿಯವರೆಗೆ ಬಂದಿತ್ತು.

ಫೋಟೊವನ್ನು ಅವನ ಜೇಬಿಗೇ ಹಾಕಿದೆ. ‘ನನ್ ಮಗ್ಳು ಉಣ್ಣಕ್ ಬಂದವ್ಳೆ ಚಿಕ್ಕಣ್ಣ, ತೋರ್ಸ್ಕೊಳ್ಳಕ್ ಬಂದಿಲ್ಲ. ನೀನು ನಡಿ’ ಅಂದೆ. ನಾನು ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದೆ. ನನ್ನ ಮೆಲ್ಲಗೆ ಎಷ್ಟೆಂದು ನಿನಗೆ ಗೊತ್ತಲ್ಲ.

ಒಳಗೆ ಬಂದರೆ, ‘ಯಾರವ್ವ?’ ಅಂದಳು.

‘ಗ್ಯಾಸಿನವ್ನು’ ಅಂದೆ.

‘ಸಿಲಿಂಡರ್ ಕೊಟ್ನಾ?’

‘ಬ್ಯಾಡ ಅಂತ ಕಳಿಸ್ದೆ. ಇರೋದೇ ಸಾಕು.’

ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ ಕಳ್ಳಿ! ತಟ್ಟೆ ಎತ್ತಿಕೊಂಡು ಹಿತ್ತಲ ಬಚ್ಚಲಿಗೆ ಹೋಗಿ, ನನಗೆ ಬೆನ್ನು ಮಾಡಿ ನಿಂತು ನಕ್ಕಳು. ಭುಜ ಕುಲುಕಾಡುವಂತೆ ನಕ್ಕಳು. ಒಂದು ಕೈ ತೊಳೆಯಲು ಅಷ್ಟು ಹೊತ್ತು! ಅವಳು ಈ ಮನೆಯಲ್ಲಿ ಹಾಗೆ ನಕ್ಕದ್ದು ಯಾವಾಗಲೋ. ನನಗೂ ನಗು ಬಂತು.

ಬುಧವಾರ ಹೋಗಲಿಲ್ಲ. ಇವತ್ತು ಭಾನುವಾರ, ಇನ್ನೂ ಇಲ್ಲೇ ಇದ್ದಾಳೆ. ಯಾವಾಗ ಹೋಗುತ್ತೀಯ ಎಂದೂ ನಾನು ಕೇಳಿಲ್ಲ. ಈ ಕಾಗದವನ್ನು ನಾಳೆ ಅವಳೇ ಅಂಚೆಗೆ ಹಾಕುತ್ತಾಳಂತೆ. ಓದಬೇಡ ಎಂದಿದ್ದೇನೆ.

ನಿನ್ನ ಅಕ್ಕ,
ಸಿದ್ದಲಿಂಗಮ್ಮ


(ಅದೇ ಹಾಳೆಯ ಹಿಂಬದಿಯಲ್ಲಿ, ಬೇರೆ ಕೈಬರಹ)

ಶಾರದಮ್ಮ,

ಓದಿದೆ. ಅವ್ವ ಬರೆದಿರುವುದೆಲ್ಲ ನಿಜ, ಒಂದನ್ನು ಬಿಟ್ಟು. ಬಚ್ಚಲಲ್ಲಿ ನಾನು ನಗುತ್ತಿರಲಿಲ್ಲ.

ಅವಳಿಗೆ ಹೇಳಬೇಡಿ. ನಕ್ಕಳು ಅಂತಲೇ ಇರಲಿ.

ಸುಮಾ